'ಅಯ್ಯೋ ಪಾಪ' ಅನ್ನಿಸದ ಸಿನಿಮಾ ಮಾಡೋದು ಹೇಗೆ?

ಜನರನ್ನು ಅಳಿಸುವ ಸಿನಿಮಾ ಮಾಡೋದು ಬಹಳ ಸುಲಭ. ಗಾಲಿಕುರ್ಚಿಯ ಮೇಲೊಬ್ಬ ಹುಡುಗ, ಹೊರಗೆ ಮಳೆ, ಹಿಂದೆ ಪಿಟೀಲು. ಐದು ನಿಮಿಷದಲ್ಲಿ ಅರ್ಧ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಆಮೇಲೆ ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಮರುದಿನ ಅದೇ ಹುಡುಗ ಕೆಲಸ ಕೇಳಿಕೊಂಡು ಬಂದರೆ, 'ಪಾಪ, ನಿನಗ್ಯಾಕಪ್ಪಾ ಕಷ್ಟ, ಮನೇಲಿರು' ಅನ್ನುವವರೂ ಅವರೇ. ಹಾಗಾದರೆ ಆ ಸಿನಿಮಾದಿಂದ ಆದದ್ದೇನು?

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಮದುವೆ ವಿಡಿಯೋ ಮಾಡುವವಳು. ಒಂದೂವರೆ ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿದೆ. ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಹಾಕಿಕೊಂಡು ಸೈಡ್ ವೀಲ್ ಸ್ಕೂಟರಿನಲ್ಲಿ ಓಡಾಡುತ್ತೇನೆ. ಕೊಡವರ ಮದುವೆ, ಅರೆಭಾಷೆ ಗೌಡರ ಮದುವೆ, ನಿಕಾಹ್, ಚರ್ಚ್ ಮದುವೆ ಎಲ್ಲಕ್ಕೂ ಕ್ಯಾಮೆರಾ ಹಿಡಿದಿದ್ದೇನೆ. ಮದುವೆ ಇಲ್ಲದ ಮಳೆಗಾಲದಲ್ಲಿ ಗೆಳೆಯರ ಜೊತೆ ಸೇರಿ ಸಣ್ಣ ಚಿತ್ರ ಮಾಡಿ ತೋಟದ ಕಾರ್ಮಿಕರ ಲೈನ್ ಮನೆ, ಆದಿವಾಸಿಗಳ ಹಾಡಿ, ಶಾಲೆ, ಸಮಾಜದ ಹಾಲ್‌ಗಳಲ್ಲಿ ತೋರಿಸುತ್ತೇವೆ. 'ನಮ್ಮೂರಲ್ಲೂ ಇಂಥದ್ದು ಮಾಡಬೇಕು ಅಕ್ಕಾ, ಎಲ್ಲಿಂದ ಶುರು ಮಾಡೋದು?' ಅಂತ ಕೇಳುವವರಿಗೆ ಹೇಳೋದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಈ ಹುಚ್ಚು ಹಿಡಿದದ್ದು ಎಡಿಟಿಂಗ್ ಟೇಬಲ್ಲಿನಲ್ಲಿ. ಮದುವೆ ಆಗಿ ವಾರದೊಳಗೆ ಫೋನ್ ಬರುತ್ತೆ: 'ಅಕ್ಕಾ, ಊಟದ ಸೀನಲ್ಲಿ ನಮ್ಮ ಚಿಕ್ಕಪ್ಪನ ಮಗ ಕಾಣ್ತಾನಲ್ಲ, ಬಾಯಿ ತೆಗೆದುಕೊಂಡು ನಗ್ತಾ ಇರೋನು, ಅದನ್ನು ಸ್ವಲ್ಪ ತೆಗೆದುಬಿಡಿ. ಗಂಡಿನ ಕಡೆಯವರು ನೋಡ್ತಾರೆ.' ಇಂಥ ಫೋನ್ ಮಾಡುವವರು ಕೆಟ್ಟವರಲ್ಲ. ಮನೆಯಲ್ಲಿ ಇನ್ನೊಬ್ಬಳು ತಂಗಿ ಇರುತ್ತಾಳೆ, ಅವಳ ಸಂಬಂಧ ಎಲ್ಲಿ ತಪ್ಪುತ್ತೋ ಅನ್ನೋ ಭಯ ಅಷ್ಟೇ. ಆದರೆ ಒಂದು ಕಟ್ ಹಾಕಿದರೆ ಆ ಹುಡುಗ ಆ ಮನೆಯ ಮದುವೆಯಲ್ಲಿ ಇರಲೇ ಇಲ್ಲ ಅಂತಾಗಿಬಿಡುತ್ತೆ. ಕತ್ತರಿ ನನ್ನ ಕೈಯಲ್ಲಿದೆ ಅಂದಮೇಲೆ ಅಂಟಿಸುವ ಕೆಲಸವೂ ಮಾಡಬಹುದು ಅಲ್ವಾ?

ಮೊದಲು ಒಂದು ಮಾತು ಹಿಡಿಯಿರಿ

'ಅಂಗವೈಕಲ್ಯದ ಬಗ್ಗೆ ಅರಿವು' ಅಂತ ವಿಷಯ ಇಟ್ಟುಕೊಂಡು ಹೊರಟರೆ ಚಿತ್ರ ಎಲ್ಲಿಗೂ ಮುಟ್ಟಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ 21 ಬಗೆಗಳಿವೆ. ಕಣ್ಣು, ಕಿವಿ, ಕೈಕಾಲಿನ ಜೊತೆಗೆ ಆಟಿಸಂ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಕುಷ್ಠ ವಾಸಿಯಾದವರು, ಆಸಿಡ್ ದಾಳಿಗೆ ಸಿಕ್ಕವರು ಎಲ್ಲರೂ ಅದರಲ್ಲಿ ಬರುತ್ತಾರೆ. ಇಷ್ಟನ್ನೂ ಹತ್ತು ನಿಮಿಷಕ್ಕೆ ತುರುಕಿದರೆ ಇಲಾಖೆಯ ಪ್ರಕಟಣೆ ಆಗುತ್ತೆ, ಕಥೆ ಆಗಲ್ಲ.

ಅದರ ಬದಲು ನಿಮ್ಮೂರಲ್ಲಿ ಜನ ದಿನಾ ಆಡುವ ಒಂದೇ ಒಂದು ಮಾತು ಹಿಡಿಯಿರಿ. 'ಗ್ರಹಣದ ಹೊತ್ತಲ್ಲಿ ಬಸುರಿ ಕತ್ತಿ ಮುಟ್ಟಿದಳು, ಅದಕ್ಕೇ ಮಗುವಿನ ತುಟಿ ಸೀಳಿದೆ.' 'ಕಿವಿ ಕೇಳದ ಹುಡುಗಿ ಶಾಲೆಗೆ ಹೋಗಿ ಏನು ಮಾಡ್ತಾಳೆ?' 'ಆ ಮನೇಲೊಬ್ಬರಿಗೆ ತಲೆ ಸರಿ ಇಲ್ಲ, ಅಲ್ಲಿಂದ ಹೆಣ್ಣು ತರಬೇಡಿ.' ಇಂಥ ಮಾತುಗಳನ್ನು ಒಂದು ವಾರ ಸುಮ್ನೆ ಕಿವಿಗೊಟ್ಟು ಕೇಳಿ, ಬರೆದುಕೊಳ್ಳಿ. ಸಂತೆ, ಬಸ್ಸು, ನ್ಯಾಯಬೆಲೆ ಅಂಗಡಿಯ ಸಾಲು, ಎಲ್ಲ ಕಡೆ ಸಿಗುತ್ತವೆ. ಆಮೇಲೆ ಯಾವ ಮಾತು ನಿಂತರೆ ಯಾರ ಬದುಕು ಹಗುರ ಆಗುತ್ತೆ ಅಂತ ಯೋಚಿಸಿ ಒಂದನ್ನು ಇಟ್ಟುಕೊಳ್ಳಿ. ಉಳಿದವು ಮುಂದಿನ ಚಿತ್ರಕ್ಕೆ.

ಒಂದೊಂದು ಊರಿಗೂ ತನ್ನದೇ ಸುಳ್ಳು ಇರುತ್ತೆ. ತಾಂಜಾನಿಯಾದಲ್ಲಿ, ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣ ಇಲ್ಲದವರ ಮೈಯ ಭಾಗದಿಂದ ಅದೃಷ್ಟ ಕುಲಾಯಿಸುತ್ತೆ ಅನ್ನೋ ನಂಬಿಕೆಗೆ ಮಕ್ಕಳ ಪ್ರಾಣವೇ ಹೋಗಿದೆ. ಆ ಕಥೆಯನ್ನು ತಂದು ಪೊನ್ನಂಪೇಟೆಯಲ್ಲಿ ತೋರಿಸಿದರೆ ನಮ್ಮವರು 'ಅಬ್ಬಾ, ಎಂಥ ದೇಶ' ಅಂದು ಎದ್ದು ಹೋಗುತ್ತಾರೆ. ತಮ್ಮ ಮನೆಯ ಗ್ರಹಣ ಅವರಿಗೆ ನೆನಪಾಗಲ್ಲ. ಅದಕ್ಕೇ ಹೊರಗಿನ ಚಿತ್ರ ಡೌನ್‌ಲೋಡ್ ಮಾಡಿ ತೋರಿಸುವ ಸುಲಭದ ದಾರಿಗೆ ನಾನು ಜಾಸ್ತಿ ಬೆಲೆ ಕೊಡಲ್ಲ.

ದೊಡ್ಡ ಅಂಕಿಅಂಶ ಬೇಕಾಗೋದು ಅರ್ಜಿ ಬರೆಯುವಾಗ. ಲೋಕದಲ್ಲಿ ಸುಮಾರು 130 ಕೋಟಿ ಜನ, ಅಂದರೆ ಆರು ಜನರಲ್ಲಿ ಒಬ್ಬರು, ಒಂದಲ್ಲ ಒಂದು ಬಗೆಯ ದೊಡ್ಡ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 2006ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಹಾಕಿದೆ. ತಪ್ಪು ಕಲ್ಪನೆ ಹೋಗಲಾಡಿಸೋದು ಸರ್ಕಾರದ ಹೊಣೆ ಅಂತ ಅದರ 8ನೇ ವಿಧಿ ಹೇಳುತ್ತೆ. ಪಂಚಾಯಿತಿಗೆ ಹಾಲ್ ಕೇಳುವಾಗ, ವಿಕಲಚೇತನರಿಗೆ ಮೀಸಲಿಟ್ಟ ಹಣದಲ್ಲಿ ಸ್ವಲ್ಪ ಕೇಳುವಾಗ ಈ ಎರಡು ಸಾಲು ಸೇರಿಸಿ. ಚಿತ್ರದೊಳಗೆ ಮಾತ್ರ ಬೇಡ. ಆರರಲ್ಲಿ ಒಬ್ಬರು ಅಂದಾಗ ಯಾರ ಮುಖವೂ ಕಣ್ಣೆದುರು ಬರಲ್ಲ.

ಮಾತು ಸಿಕ್ಕಿತು ಅಂದಮೇಲೆ ಅದನ್ನು ಆಡುವವರು ಯಾರು ನೋಡಿ. ತೋಟದಲ್ಲಿ ಹಾಜರಿ ಬರೆಯುವ ರೈಟರಾ, ಅತ್ತೆಯಾ, ಮೇಷ್ಟ್ರಾ? ನಿಮ್ಮ ಪ್ರೇಕ್ಷಕರು ಅವರೇ. ಲೈನ್ ಮನೆಯವರಿಗಾದರೆ ಕನ್ನಡ ಒಂದೇ ಸಾಲದು. ತಮಿಳು, ಮಲಯಾಳ, ಯರವ ಮಾತು, ಈಗ ಅಸ್ಸಾಮಿನವರೂ ಇದ್ದಾರೆ. ಅಂಥ ಕಡೆಗೆ ಮಾತು ಕಡಿಮೆ ಇರುವ, ನೋಡಿದರೇ ತಿಳಿಯುವ ಕಥೆ ಮಾಡಿ. ಹತ್ತು ನಿಮಿಷ ದಾಟಬೇಡಿ.

ಮೆಣಸಿನ ಕಣದ ಅಣ್ಣ

ಒಂದು ಉದಾಹರಣೆ ಹೇಳಿದರೆ ಉಳಿದದ್ದು ತಾನಾಗಿ ಅರ್ಥ ಆಗುತ್ತೆ. ಸುಂಟಿಕೊಪ್ಪ ಕಡೆಯ ಒಬ್ಬ ಅಣ್ಣ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಬೆನ್ನುಹುರಿಗೆ ಏಟಾಯಿತು. ಸೊಂಟದಿಂದ ಕೆಳಗೆ ಬಲ ಇಲ್ಲ. ಕೊಡಗಿನಲ್ಲಿ ಇದು ಅಪರೂಪದ ಕಥೆ ಅಲ್ಲ. ಮೆಣಸಿನ ಕಾಲ ಬಂತು ಅಂದರೆ ಎಲ್ಲೋ ಒಬ್ಬರು ಬಿದ್ದ ಸುದ್ದಿ ಬರುತ್ತೆ. ಅವರ ಬಗ್ಗೆ ಊರವರ ಮಾತು: 'ಅವನ ಕಥೆ ಮುಗೀತು.'

ಈ ಕಥೆಯನ್ನು ಸಾಮಾನ್ಯವಾಗಿ ಎರಡು ರೀತಿ ಮಾಡುತ್ತಾರೆ. ಮೊದಲನೆಯದು ಗೋಳು: ಬಿದ್ದ ದಿನ, ಆಸ್ಪತ್ರೆ, ಹೆಂಡತಿಯ ಕಣ್ಣೀರು. ಎರಡನೆಯದು ಸಾಹಸ: ಕಾಲಿಲ್ಲದಿದ್ದರೂ ಬೆಟ್ಟ ಹತ್ತಿದ ವೀರ. ಎರಡನೆಯದನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತೆ. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್ ಅನ್ನೋ ಹಾಸ್ಯಗಾರ್ತಿ ಇದ್ದರು, ಗಾಲಿಕುರ್ಚಿಯಲ್ಲೇ ಬದುಕಿದವರು. ನಮ್ಮನ್ನು ಬೇರೆಯವರಿಗೆ ಹುರುಪು ತುಂಬುವ ಸಾಮಾನು ಮಾಡಿಕೊಂಡಿದ್ದೀರಿ ಅಂತ 2014ರ ಒಂದು ಭಾಷಣದಲ್ಲಿ ನಗಿಸುತ್ತಲೇ ಬೈದರು. ನಮ್ಮ ಕಡೆ ಅದರ ರೂಪ ಎಲ್ಲರಿಗೂ ಗೊತ್ತು: 'ಅವಳೇ ಅಷ್ಟು ಮಾಡ್ತಾಳೆ, ನಿನಗೇನು ಧಾಡಿ?' ಶಾಲೆಯಲ್ಲಿ ನನ್ನನ್ನು ತೋರಿಸಿ ಬೇರೆ ಮಕ್ಕಳಿಗೆ ಹೀಗೆ ಬೈಯುತ್ತಿದ್ದರು. ಆ ಮಕ್ಕಳು ನನ್ನ ಜೊತೆ ಆಟಕ್ಕೆ ಬರುತ್ತಿದ್ದರಾ? ಎಲ್ಲಿ ಬರ್ತಾರೆ!

ಹಾಗಾಗಿ ನಾವು ಅಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ: 'ನಿಮಗೆ ಈಗ ಏನು ಬೇಕಾಗಿದೆ?' ನಡೆಯಬೇಕು ಅಂತಾರೇನೋ ಅಂದುಕೊಂಡರೆ, 'ಆ ವ್ಯಾಪಾರಿ ತೇವಾಂಶದ ಲೆಕ್ಕ ಹೇಳಿ ಕೆಜಿಗೆ ದುಡ್ಡು ಹಿಡಿದುಕೊಳ್ತಾನಲ್ಲ, ಅದು ನಿಲ್ಲಬೇಕು' ಅಂದರು. ಚಿತ್ರದ ಕಥೆ ಅಲ್ಲೇ ಸಿಕ್ಕಿತು. ಕಥೆ ಅಂದರೆ ಇಷ್ಟೇ: ಒಬ್ಬರಿಗೆ ಏನೋ ಬೇಕು, ಅದಕ್ಕೆ ಏನೋ ಅಡ್ಡ ಇದೆ. ಆ ಅಡ್ಡ ಬರುವಂಥದ್ದು ಅವರ ದೇಹವೇ ಆಗಿರಬೇಕು ಅಂತ ಯಾರು ಹೇಳಿದ್ದು?

ಅಣ್ಣ ಈಗ ಕಣದಲ್ಲಿ ಮೆಣಸು ಒಣಗಿಸುವ ಉಸ್ತುವಾರಿ. ಚಾಪೆಯ ಮೇಲೆ ಹರಡಿದ ಮೆಣಸನ್ನು ಒಂದು ಹಿಡಿ ತೆಗೆದು ಕುರ್ಚಿಯ ಪಕ್ಕದ ತಗಡಿನ ಮೇಲೆ ಸುರಿಯುತ್ತಾರೆ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. ಒಣಗಿದ್ದು ಚಟಚಟ ಅನ್ನುತ್ತೆ, ಹಸಿ ಇದ್ದರೆ ಸದ್ದು ಮಂಕು. ಆಮೇಲೆ ಒಂದು ಕಾಳು ಬಾಯಿಗೆ ಹಾಕಿ ಮುಂದಿನ ಹಲ್ಲಲ್ಲಿ ಕಚ್ಚುತ್ತಾರೆ. ಟಕ್ ಅಂತ ಒಡೆದರೆ ತಲೆ ಆಡಿಸುತ್ತಾರೆ, ಮೆತ್ತಗಾದರೆ ಉಗಿದು 'ಇನ್ನೊಂದು ಬಿಸಿಲು' ಅನ್ನುತ್ತಾರೆ. ಇದನ್ನೇ ಪೂರ್ತಿ ಎರಡು ನಿಮಿಷ ಇಟ್ಟೆವು. ಆಮೇಲೆ ವ್ಯಾಪಾರಿ ಬರುತ್ತಾನೆ, ಮೀಟರ್ ಹಾಕುತ್ತಾನೆ, ಜಗಳ ಶುರು. ಗಾಲಿಕುರ್ಚಿ ಎಲ್ಲ ಶಾಟಿನಲ್ಲೂ ಇದೆ. ಅದರ ಬಗ್ಗೆ ಒಂದು ಮಾತೂ ಇಲ್ಲ.

ಅದನ್ನು ತೋರಿಸಿದ ಕಡೆಯೆಲ್ಲ ಜನ ಚರ್ಚೆ ಮಾಡಿದ್ದು ಮೆಣಸಿನ ತೇವಾಂಶದ ಬಗ್ಗೆ. ನಮ್ಮ ಗೆಳೆಯನಿಗೆ ಬೇಜಾರು, ವಿಷಯವೇ ಬರಲಿಲ್ಲವಲ್ಲ ಅಂತ. ನನಗೆ ಖುಷಿ. ಒಬ್ಬ ಪ್ಲಾಂಟರ್ ಎದ್ದು 'ನಮ್ಮ ಕಣಕ್ಕೂ ಬರ್ತೀರಾ?' ಅಂತ ಕೇಳಿದರು. 'ರಸ್ತೆಯಿಂದ ಕಣದವರೆಗೆ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿ, ಬರ್ತೀನಿ' ಅಂದರು ಅಣ್ಣ. ನಾವು ಭಾಷಣ ಮಾಡಿದ್ದರೆ ಇಷ್ಟು ಸಲೀಸಾಗಿ ಆ ಮಾತು ಬರುತ್ತಿರಲಿಲ್ಲ.

ಕನ್ನಡ ಸಿನಿಮಾಕ್ಕೆ ಇದೇನೂ ಹೊಸದಲ್ಲ. ಎನ್. ಲಕ್ಷ್ಮೀನಾರಾಯಣ್ 1964ರಲ್ಲೇ 'ನಾಂದಿ'ಯಲ್ಲಿ ಕಿವಿ ಕೇಳದವರ ಬದುಕನ್ನು ತೆರೆಗೆ ತಂದಿದ್ದರು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ' ನಮ್ಮ ಜಿಲ್ಲೆಯವರಿಗೆ 'ಕೊಡಗಿನ ಕಾವೇರಿ' ಹಾಡಿನಿಂದಲೇ ನೆನಪು. ಹಾಡು ಬಿಟ್ಟು ಉಳಿದದ್ದನ್ನು ನೋಡಿ. ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಗಂಡ, ನೆರೆಹೊರೆಯವರು ಯಾವ ಕಣ್ಣಿನಿಂದ ನೋಡಿದರು ಅನ್ನೋದರ ಮೇಲೇ ಕಥೆ ನಿಂತಿದೆ. ಇದರಲ್ಲಿ ನಮಗೊಂದು ಉಪಾಯ ಇದೆ: ಕ್ಯಾಮೆರಾವನ್ನು ನೋಡುವವರ ಕಡೆ ತಿರುಗಿಸಿ. ಗಾಲಿಕುರ್ಚಿ ಬಂದಾಗ ಹೋಟೆಲಿನವನ ಮುಖ, ಕ್ಯಾಲಿಪರ್ ಸದ್ದು ಕೇಳಿದಾಗ ಬಸ್ಸಿನಲ್ಲಿ ತಿರುಗುವ ತಲೆಗಳು. ಪ್ರೇಕ್ಷಕರು ತಮ್ಮನ್ನೇ ಅಲ್ಲಿ ಕಾಣುತ್ತಾರೆ.

ಮೂರು ಸಲ ಕೇಳಿ

ಒಪ್ಪಿಗೆಯನ್ನು ಶೂಟಿಂಗ್ ಮೊದಲು, ಶೂಟಿಂಗ್ ಆದಮೇಲೆ, ಎಡಿಟ್ ತೋರಿಸಿದ ಮೇಲೆ ಮೂರು ಸಲವೂ ಕೇಳಿ. ಮೂರನೇ ಸಲ ಬೇಡ ಅಂದರೆ ತೆಗೆಯಬೇಕು, ವಾದ ಮಾಡಬಾರದು. ಅಣ್ಣನಿಗೆ ಮೊದಲ ಎಡಿಟ್ ತೋರಿಸಿದಾಗ, ಹೆಂಡತಿ ಅವರನ್ನು ಎತ್ತಿ ಮಂಚಕ್ಕೆ ಕೂರಿಸುವ ಶಾಟ್ ತೆಗೆಸಿದರು. ತಮ್ಮನ ಜೊತೆ ದುಡ್ಡಿನ ವಿಷಯಕ್ಕೆ ಕೂಗಾಡಿದ್ದನ್ನು ಮಾತ್ರ ಹಾಗೇ ಇರಿಸಿ ಅಂದರು. 'ನಾನೂ ಜಗಳಗಂಟ ಅಂತ ಗೊತ್ತಾಗಲಿ' ಅಂದು ನಕ್ಕರು. ಸರಿಯಾಗೇ ಇತ್ತು ಅವರ ಲೆಕ್ಕ. ಸಾಧು ಮನುಷ್ಯನನ್ನು ನೋಡಿದರೆ ಜನ ಮತ್ತೆ ಪಾಪ ಅನ್ನುತ್ತಾರೆ.

ಬುದ್ಧಿ ಬೆಳವಣಿಗೆ ನಿಧಾನ ಇರುವವರ ಚಿತ್ರ ಆದರೆ ಅಪ್ಪ ಅಮ್ಮ ಒಪ್ಪಿದರೆ ಸಾಕು ಅಂದುಕೊಳ್ಳಬೇಡಿ. ಅವರಿಗೇ ಫೋನಿನಲ್ಲಿ ತೆಗೆದ ತುಣುಕು ತೋರಿಸಿ, 'ಇದನ್ನು ಮೇಷ್ಟ್ರು, ಪಕ್ಕದ ಮನೆಯವರು ಎಲ್ಲ ನೋಡ್ತಾರೆ, ಆಗಬಹುದಾ?' ಅಂತ ಕೇಳಿ. ಮುಖ ತಿರುಗಿಸಿದರೆ ಅದೇ ಉತ್ತರ. ಚಿತ್ರ ವಾಟ್ಸಾಪಿಗೆ ಹೋದರೆ ವಾಪಸ್ ಬರಲ್ಲ ಅನ್ನೋದನ್ನೂ ಬಾಯಿಬಿಟ್ಟು ಹೇಳಿ. ಇಡೀ ದಿನ ಕೂರಿಸಿಕೊಂಡರೆ ಆ ದಿನದ ಕೂಲಿ ಕೊಡಿ. ಸನ್ಮಾನ ಮಾಡಿ ಶಾಲು ಹೊದಿಸಿ ಕಳಿಸೋದು ಬೇಡ. ಅವರನ್ನು ಏನಂತ ಕರೆಯಬೇಕು, ಅಂಗವಿಕಲ ಅಂತಲೋ ವಿಕಲಚೇತನ ಅಂತಲೋ ಅನ್ನೋದನ್ನು ಅವರಿಗೇ ಬಿಡಿ.

ಪಾತ್ರ ಮಾಡಿಸುವ ಕಥೆಯಾದರೆ ಕಿವಿ ಕೇಳದವರ ಪಾತ್ರಕ್ಕೆ ಕಿವಿ ಕೇಳದವರನ್ನೇ ಹುಡುಕಿ. 2022ರಲ್ಲಿ ಆಸ್ಕರ್ ಗೆದ್ದ 'ಕೋಡಾ'ದಲ್ಲಿ ಹಾಗೇ ಮಾಡಿದ್ದರು. ಅದರಲ್ಲಿ ಅಪ್ಪನ ಪಾತ್ರ ಮಾಡಿದ ಟ್ರಾಯ್ ಕೋಟ್ಸರ್ ಆ ಪ್ರಶಸ್ತಿ ಪಡೆದ ಮೊದಲ ಕಿವುಡ ನಟ. ನಮ್ಮಲ್ಲಿ ಯಾರೂ ಸಿಗಲ್ಲ ಅನ್ನುವವರಿಗೆ: ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಪಂಚಾಯಿತಿಗೊಬ್ಬರು ಇರುತ್ತಾರೆ, ಅವರೂ ಹೆಚ್ಚಾಗಿ ವಿಕಲಚೇತನರೇ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಒಳ್ಳೆ ಮಾತುಗಾರರು ಅಂತ ಅವರಿಗೆ ಗೊತ್ತಿರುತ್ತೆ.

ಶೂಟಿಂಗ್

ಫೋನ್ ಸಾಕು. ಕ್ಯಾಮೆರಾಗಿಂತ ಮೊದಲು ಕಾಲರ್ ಮೈಕಿಗೆ ದುಡ್ಡು ಹಾಕಿ. ಏರೋಪ್ಲೇನ್ ಮೋಡಿಗೆ ಹಾಕಿ, ಅಡ್ಡಲಾಗಿ ಹಿಡಿಯಿರಿ. ಇಷ್ಟೆಲ್ಲ ಎಲ್ಲರೂ ಹೇಳುತ್ತಾರೆ. ಕೊಡಗಿನಲ್ಲಿ ಬೇರೆ ತಾಪತ್ರಯ ಇದೆ. ತೋಟದೊಳಗೆ ನೆರಳು ಬಿಸಿಲು ಚುಕ್ಕಿಚುಕ್ಕಿಯಾಗಿ ಬಿದ್ದು ಮುಖ ಅರ್ಧ ಕಪ್ಪು ಅರ್ಧ ಬಿಳಿ ಆಗುತ್ತೆ. ಮೋಡ ಮುಚ್ಚಿದ ಹೊತ್ತು ನೋಡಿಕೊಳ್ಳಿ, ಇಲ್ಲವೇ ಜಗಲಿಗೆ ಬನ್ನಿ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿ. ಶೀಟಿನ ಮನೆಯಲ್ಲಿ ಮಳೆ ಶುರುವಾದರೆ ಸಂದರ್ಶನ ಅಲ್ಲಿಗೆ ಮುಗೀತು, ಮಾತು ಒಂದಕ್ಷರ ಕೇಳಲ್ಲ. ಹಂಚಿನ ಮನೆ ಪರವಾಗಿಲ್ಲ. ಸಂಜೆ ಆರಕ್ಕೆ ಜೀರುಂಡೆ ಶುರು ಆಗೋದರೊಳಗೆ ಮಾತಿನ ಭಾಗ ಮುಗಿಸಿ. ಲೈನ್ ಮನೆಯಲ್ಲಿ ಶೂಟ್ ಮಾಡೋದಾದರೆ ತೋಟದವರ ಅನುಮತಿ ಮೊದಲೇ ಬಾಯಲ್ಲೂ ಬರಹದಲ್ಲೂ ಪಡೆಯಿರಿ. ಇಲ್ಲದಿದ್ದರೆ ಆಮೇಲೆ ಮಾತು ಕೇಳಬೇಕಾಗಿ ಬರೋದು ಅಲ್ಲಿ ಇರುವವರಿಗೆ, ನಿಮಗಲ್ಲ.

ಕುಳಿತವರನ್ನು ನಿಂತುಕೊಂಡು ಶೂಟ್ ಮಾಡಬೇಡಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಸೋತ ಕಾಲು, ಸೊಟ್ಟ ಕೈಯ ಕ್ಲೋಸಪ್ ಹಾಕಲೇಬೇಡಿ. ಕೈ ಏನೋ ಮಾಡುತ್ತಿದ್ದರೆ ಆ ಕೆಲಸದ ಕ್ಲೋಸಪ್ ಹಾಕಿ. ಸನ್ನೆ ಭಾಷೆಯಲ್ಲಿ ಮಾತಾಡುವವರನ್ನು ತೆಗೆಯುವಾಗ ತಲೆಯಿಂದ ಸೊಂಟದವರೆಗೆ ಫ್ರೇಮಿನಲ್ಲಿ ಇರಲಿ, ಎರಡೂ ಕೈ ಕಾಣಲಿ. ಮುಖಭಾವವೂ ಆ ಭಾಷೆಯ ಭಾಗ. ಮಧ್ಯದಲ್ಲಿ ಹೂವು, ಬೆಟ್ಟ ತೋರಿಸಲು ಕಟ್ ಮಾಡಿದರೆ ಮಾತಾಡುವವರ ಬಾಯಿ ಮುಚ್ಚಿದ ಹಾಗೆ.

ಕಣ್ಣಿಗೆ ಕಾಣದ್ದನ್ನು ತೋರಿಸೋದು

ಎಲ್ಲಕ್ಕಿಂತ ತಲೆ ಕೆಡಿಸುವ ಕೆಲಸ ಇದು. ತಿತಿಮತಿ ಕಡೆಯ ಹಾಡಿಯ ಒಬ್ಬ ಹುಡುಗಿಗೆ ಸಿಕಲ್ ಸೆಲ್ ಇದೆ. ರಕ್ತದ ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಕೈಕಾಲು ಬೆನ್ನಿನಲ್ಲಿ ತಡೆಯಲಾರದ ನೋವು. ಚಳಿ, ಆಯಾಸ, ನೀರು ಕುಡಿಯದಿರೋದು ಇವೆಲ್ಲ ಅದನ್ನು ಕೆರಳಿಸುತ್ತವೆ. ಕೊಡಗಿನ ಮಳೆ ಚಳಿ ಕೇಳಬೇಕೆ! ಕಾಯ್ದೆಯ 21ರ ಪಟ್ಟಿಯಲ್ಲಿ ಇದೂ ಇದೆ. ಆದರೆ ನೋಡಲು ಹುಡುಗಿ ಗಟ್ಟಿಮುಟ್ಟು. ತೋಟದಲ್ಲಿ ಅವಳ ಹೆಸರು ಸೋಮಾರಿ.

ನೋವಿನಲ್ಲಿ ಒದ್ದಾಡೋದನ್ನು ತೋರಿಸಬಾರದು ಅಂತ ಅವಳೇ ಹೇಳಿದ್ದಳು. ಹಾಗಾದರೆ ಏನು ತೋರಿಸೋದು? ಕೊನೆಗೆ ಸಿಕ್ಕಿದ್ದು ಹಾಜರಿ ಪುಸ್ತಕ. ಸೋಮವಾರ, ಮಂಗಳವಾರ, ಬುಧವಾರ ಅವಳು ಕೊಯ್ದ ಕಾಫಿಯ ತೂಕ ಲೈನಿನಲ್ಲೇ ಜಾಸ್ತಿ. ಗುರುವಾರ ಖಾಲಿ, ಶುಕ್ರವಾರ ಖಾಲಿ. ರೈಟರ ಬೆರಳು ಆ ಖಾಲಿ ಚೌಕದ ಮೇಲೆ ನಿಲ್ಲುತ್ತೆ. ಮುಂದಿನ ಶಾಟಿನಲ್ಲಿ ಅವಳ ಮನೆ ಬಾಗಿಲು ಮುಚ್ಚಿದೆ, ಒಳಗಿಂದ ಅಮ್ಮ ಬಿಸಿನೀರಿನ ಚೊಂಬು ಹಿಡಿದು ಓಡಾಡುವ ಸದ್ದು. ಮತ್ತೆ ಸೋಮವಾರ, ಮತ್ತೆ ತೂಕ ಜಾಸ್ತಿ. ಸೋಮಾರಿಯಾದವಳು ಮೂರು ದಿನ ಎಲ್ಲರಿಗಿಂತ ಜಾಸ್ತಿ ಹೇಗೆ ಕೊಯ್ತಾಳೆ ಅನ್ನೋ ಪ್ರಶ್ನೆ ನೋಡುವವರಿಗೇ ಹುಟ್ಟುತ್ತೆ. ಮಾನಸಿಕ ಕಾಯಿಲೆ, ಕಲಿಕೆಯ ತೊಂದರೆ, ಮೂರ್ಛೆ, ಎಲ್ಲಕ್ಕೂ ಇಂಥ ಒಂದು ವಸ್ತು ಹುಡುಕಿ. ಸಂಕಟವನ್ನು ಮುಖದ ಮೇಲೆ ಹುಡುಕಬೇಡಿ.

ಎಡಿಟಿಂಗ್

ಸಂಗೀತ ಕಡಿಮೆ. ಪಿಟೀಲು, ಕೊಳಲು ಎರಡನ್ನೂ ಮರೆತುಬಿಡಿ. ನಗು ಇರಲಿ. ಆದರೆ ಯಾರ ಮೇಲೆ ನಗು ಅನ್ನೋದು ಮುಖ್ಯ. 2024ರ ಜುಲೈನಲ್ಲಿ ಒಂದು ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನು ಕೀಳು ಮಾಡುವ ಹಾಸ್ಯ ಬೇರೆ ಅಂತ. 2016ರ ಕಾಯ್ದೆಯ 92ನೇ ಸೆಕ್ಷನ್ನಿನ ಪ್ರಕಾರ ಎಲ್ಲರೆದುರು ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. ಗಾಲಿಕುರ್ಚಿಯವರೇ ತಮ್ಮ ಪಾಡಿನ ಬಗ್ಗೆ ಜೋಕ್ ಮಾಡಿದರೆ ಅದನ್ನು ಕತ್ತರಿಸಬೇಡಿ. ನಮ್ಮವರ ಜೋಕು ಬಹಳ ಚೆನ್ನಾಗಿರುತ್ತವೆ.

ಅಡಿಬರಹ ಹಾಕಲೇಬೇಕು. ಕಿವಿ ಕೇಳದವರ ಬಗ್ಗೆ ಚಿತ್ರ ಮಾಡಿ ಅವರಿಗೇ ಅರ್ಥ ಆಗದಿದ್ದರೆ ಅದಕ್ಕಿಂತ ನಾಚಿಕೆ ಇಲ್ಲ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ, ಓದಿ ಮುಗಿಸುವಷ್ಟು ಹೊತ್ತು ಇರಲಿ. 'ಮೆಣಸು ತಗಡಿನ ಮೇಲೆ ಬೀಳುವ ಸದ್ದು' ಅಂತ ಸದ್ದನ್ನೂ ಬರೆಯಿರಿ. ಕಣ್ಣು ಕಾಣದವರಿಗೆ ಇನ್ನೊಂದು ಪ್ರತಿ ಮಾಡಿ. ಮಾತಿಲ್ಲದ ಜಾಗದಲ್ಲಿ ಪರದೆಯ ಮೇಲೆ ಏನಾಗುತ್ತಿದೆ ಅಂತ ಒಬ್ಬರು ಚುಟುಕಾಗಿ ಹೇಳಬೇಕು. ಥಿಯೇಟರಿನ ಸಿನಿಮಾಗಳಿಗೇ ಈ ಎರಡು ಸೌಲಭ್ಯ ಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ. ನಮ್ಮ ಹತ್ತು ನಿಮಿಷದ ಚಿತ್ರಕ್ಕೆ ಅದೇನು ದೊಡ್ಡ ಕೆಲಸವಾ? ಒಂದು ಸಂಜೆ ಸಾಕು. ಮುಗಿದ ಮೇಲೆ ಕಣ್ಣು ಕಾಣದ ಒಬ್ಬರಿಗೆ ಕೇಳಿಸಿ, ಕಥೆ ಹೇಳಿ ಅನ್ನಿ. ಅವರು ತಡವರಿಸುವ ಜಾಗದಲ್ಲಿ ನಿಮ್ಮ ವಿವರಣೆ ಸಾಲದು ಅಂತ ಅರ್ಥ.

ತೋರಿಸುವಾಗ

ಚಿತ್ರ ಅರ್ಧ ಕೆಲಸ. ಉಳಿದರ್ಧ ತೋರಿಸಿದ ಮೇಲಿನ ಅರ್ಧ ಗಂಟೆ. ಯೂಟ್ಯೂಬಿಗೆ ಹಾಕಿ ಲಿಂಕ್ ಕಳಿಸಿ ಕೂತರೆ ಮೊದಲೇ ಒಪ್ಪುವವರಷ್ಟೇ ನೋಡುತ್ತಾರೆ.

ಜಾಗ ಆರಿಸುವಾಗ ನಾನು ಕ್ಯಾಲಿಪರ್ ಹಾಕಿಕೊಂಡೇ ಹೋಗಿ ಹತ್ತಿ ಇಳಿದು ನೋಡುತ್ತೇನೆ. ಮೆಟ್ಟಿಲೆಷ್ಟು, ಶೌಚಾಲಯದ ಬಾಗಿಲಿಗೆ ಗಾಲಿಕುರ್ಚಿ ಹಿಡಿಯುತ್ತಾ, ವಾಹನ ಎಲ್ಲಿವರೆಗೆ ಬರುತ್ತೆ. ವೇದಿಕೆಗೆ ಹತ್ತು ಮೆಟ್ಟಿಲು ಇದ್ದು ಇಳಿಜಾರು ಇಲ್ಲದಿದ್ದರೆ ವೇದಿಕೆಯೇ ಬೇಡ, ಎಲ್ಲರೂ ಕೆಳಗೆ ಕೂರಲಿ. ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಹೋಗೋದು, ಅದರ ಫೋಟೋ ಬೇರೆ, ದಯವಿಟ್ಟು ಬೇಡ. ಹೆಗಲ ಮೇಲೆ ಕೂತವನಿಗೆ ಸಭೆಯಲ್ಲಿ ಯಾರಿಗೆ ಎದುರು ಮಾತಾಡಲು ಬಾಯಿ ಬರುತ್ತೆ? ಪರದೆಗೆ ಪಂಚೆಯ ಬದಲು ದಪ್ಪ ಬಿಳಿ ಬಟ್ಟೆ ಕಟ್ಟಿ. ಬಟವಾಡೆ ದಿನ ಇಟ್ಟುಕೊಳ್ಳಬೇಡಿ, ಎಲ್ಲರೂ ಸಂತೆಗೆ ಹೋಗಿರುತ್ತಾರೆ.

ಚಿತ್ರದಲ್ಲಿ ಇರುವವರು ಅಲ್ಲೇ ಇರಬೇಕು, ಪ್ರಶ್ನೆಗೆ ಅವರೇ ಉತ್ತರ ಕೊಡಬೇಕು. ಒಬ್ಬರಿಗೊಬ್ಬರು ಸರಿಸಮ ಕೂತು ಮಾತಾಡಿದಾಗಲೇ ಪೂರ್ವಗ್ರಹ ಕರಗೋದು ಅಂತ ಗಾರ್ಡನ್ ಆಲ್ಪೋರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. ಸರಿಸಮ ಅನ್ನೋ ಮಾತಿನ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಅಣ್ಣ ಅಥವಾ ಅಕ್ಕ ಅಲ್ಲಿ ಸನ್ಮಾನಿತರಾಗಿ ಬರಬಾರದು, ತಮ್ಮ ಕಸುಬು ಬಲ್ಲವರಾಗಿ ಬರಬೇಕು.

'ಈ ಚಿತ್ರದಿಂದ ಏನು ಕಲಿತಿರಿ?' ಅಂತ ಯಾವತ್ತೂ ಕೇಳಬೇಡಿ. ಶಾಲೆ ಮಕ್ಕಳ ಹಾಗೆ ಎಲ್ಲರೂ ಸರಿಯಾದ ಉತ್ತರ ಒಪ್ಪಿಸಿಬಿಡುತ್ತಾರೆ. 'ವ್ಯಾಪಾರಿ ಮಾಡಿದ್ದು ಸರಿಯಾ?' 'ನೀವು ರೈಟರಾಗಿದ್ದರೆ ಗುರುವಾರದ ಚೌಕದಲ್ಲಿ ಏನು ಬರೀತಿದ್ರಿ?' ಅಂತ ಕೇಳಿ, ಜಗಳ ಆಗಲಿ ಬಿಡಿ. ಕರ್ಮದ ಮಾತು ಬಂದೇ ಬರುತ್ತೆ. ಆಗ ನೀವು ವಿಜ್ಞಾನದ ಪಾಠ ಶುರು ಮಾಡಬೇಡಿ, ಸಭೆಗೇ ಬಿಡಿ. ಒಂದು ಕಡೆ ಹಿರಿಯರೊಬ್ಬರು 'ಎಲ್ಲ ಹಿಂದಿನ ಜನ್ಮದ್ದು' ಅಂದರು. ಹಿಂದಿನ ಸಾಲಿನ ಅಜ್ಜಿ ಬಿಡಲಿಲ್ಲ: 'ನಿಮ್ಮ ಮಂಡಿನೋವು ಯಾವ ಜನ್ಮದ್ದು ಅಜ್ಜಾ?' ಇಡೀ ಹಾಲ್ ನಕ್ಕಿತು, ಅಜ್ಜನೂ ನಕ್ಕರು. ಅಷ್ಟಕ್ಕೆ ಅವರ ನಂಬಿಕೆ ಬಿಟ್ಟುಹೋಯಿತು ಅಂತ ನಾನು ಹೇಳಲ್ಲ. ಆದರೆ ಆ ಸಂಜೆ ಇನ್ಯಾರೂ ಆ ಮಾತು ಎತ್ತಲಿಲ್ಲ.

ಬಾಗಿಲ ಹತ್ತಿರ ಒಂದು ಮೇಜು ಹಾಕಿ ಪುನರ್ವಸತಿ ಕಾರ್ಯಕರ್ತರನ್ನು ಕೂರಿಸಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ, ಬಸ್ ಪಾಸಿನ ವಿಷಯ ಕೇಳುವವರು ಎಲ್ಲರೂ ಹೋದಮೇಲೆ ಮೆಲ್ಲಗೆ ಬರುತ್ತಾರೆ. 'ನನ್ನ ಮಗಳಿಗೂ ಹಿಂಗೇ, ಯಾರಿಗೂ ಹೇಳಿಲ್ಲ' ಅನ್ನುವ ಮಾತು ಬರೋದು ಆ ಮೇಜಿನ ಹತ್ತಿರವೇ. ಹಾಗಾಗಿ ದೀಪ ಹಾಕಿದ ತಕ್ಷಣ ಕುರ್ಚಿ ಮಡಚಲು ಹೊರಡಬೇಡಿ.

ಕೆಲವು ತಿಂಗಳು ಬಿಟ್ಟು ಅದೇ ಊರಿಗೆ ಇನ್ನೊಮ್ಮೆ ಹೋಗಿ. ಚಪ್ಪಾಳೆ ಎಷ್ಟು ಬಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಮೆಟ್ಟಿಲು ಇಳಿಜಾರಾಯಿತಾ, ಹುಡುಗಿ ಶಾಲೆಗೆ ಸೇರಿದಳಾ, ರೈಟರ್ ಖಾಲಿ ಚೌಕದಲ್ಲಿ ಈಗ ಏನು ಬರೀತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಅರ್ಜಿಗೆ ಅದೇ ಆಧಾರ.

ಇನ್ನೊಂದು ವಿಷಯ, ದಿನಾಂಕದ್ದು. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. 1992ರಿಂದ ನಡೆದುಕೊಂಡು ಬಂದಿದೆ. ಅವತ್ತು ಎಲ್ಲ ಕಚೇರಿಯವರೂ ನಿಮ್ಮನ್ನು ಕರೆಯುತ್ತಾರೆ. ಆದರೆ ಆ ಹೊತ್ತಿಗೆ ಕಾಫಿ ಕೊಯ್ಲು ಶುರು, ತೋಟದವರು ಯಾರೂ ಸಿಗಲ್ಲ. ಕಚೇರಿಯವರಿಗೆ ಅವತ್ತು ತೋರಿಸಿ, ಊರವರಿಗೆ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಇಟ್ಟುಕೊಳ್ಳಿ. ಮಳೆಗೆ ಜನ ಮನೆಯಲ್ಲೇ ಇರುತ್ತಾರೆ, ಬೇಜಾರಾಗಿ ಏನು ತೋರಿಸಿದರೂ ಬರುತ್ತಾರೆ. ಕರೆಂಟ್ ಹೋಗೋದು ಗ್ಯಾರಂಟಿ, ಜನರೇಟರಿಗೆ ಡೀಸೆಲ್ ಹಿಂದಿನ ದಿನವೇ ತಂದಿಡಿ.